ನಾಳೆ ಸಂಖ್ಯಾಶಾಸ್ತ್ರದ ಪರೀಕ್ಷೆ, ಇವತ್ತು ಸಂಜೆಗೆ ಐದು ಸಂಖ್ಯೆ

ಪರೀಕ್ಷೆಯ ಹಿಂದಿನ ಸಂಜೆ ಸಂಖ್ಯಾಶಾಸ್ತ್ರದ ಪುಸ್ತಕ ತೆರೆದವರು ಸಾಮಾನ್ಯವಾಗಿ ಮೊದಲು ಒಂದು ಬಿಳಿ ಹಾಳೆ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಸೂತ್ರಗಳನ್ನು ಒಂದರ ಕೆಳಗೆ ಒಂದು ಬರೆಯುತ್ತಾ ಹೋಗುತ್ತಾರೆ. ಸರಾಸರಿಗೆ ಒಂದು, ಮಧ್ಯಾಂಕಕ್ಕೆ ಒಂದು, ಬಹುಲಕಕ್ಕೆ ಒಂದು, ಮಾನಕ ವಿಚಲನೆಗೆ ಎರಡೋ ಮೂರೋ. ಹಾಳೆ ತುಂಬುವ ಹೊತ್ತಿಗೆ ಸ್ವಲ್ಪ ಧೈರ್ಯ ಬರುತ್ತದೆ. ಆದರೆ ಆ ಹಾಳೆಯನ್ನು ಮಡಚಿಟ್ಟು ಒಂದು ಲೆಕ್ಕ ಕೊಟ್ಟರೆ, ಯಾವ ಸೂತ್ರ ಎಲ್ಲಿ ಹಾಕಬೇಕು ಅನ್ನುವುದೇ ಗೊತ್ತಾಗುವುದಿಲ್ಲ. ಮನೆಯ ಮಕ್ಕಳ ಜೊತೆ, ಅವರ ಗೆಳೆಯರ ಜೊತೆ ಇಂಥ ಸಂಜೆಗಳಲ್ಲಿ ಕೂತು ಲೆಕ್ಕ ಮಾಡಿಸಿದ್ದೇನೆ. ಬೇರೆ ಬೇರೆ ಮಕ್ಕಳಲ್ಲೂ ಇದನ್ನೇ ನೋಡಿದ್ದೇನೆ.

ಸಮಯ ಕಡಿಮೆ ಇದ್ದಾಗ ನಾನು ಹೇಳುವುದು ಇಷ್ಟು. ಹತ್ತು ಲೆಕ್ಕ ಅರ್ಧಂಬರ್ಧ ನೋಡುವ ಬದಲು ಐದೇ ಐದು ಸಂಖ್ಯೆ ತೆಗೆದುಕೊಳ್ಳಿ. ಕೈಯಲ್ಲೇ, ಕ್ಯಾಲ್ಕುಲೇಟರ್ ಮುಟ್ಟದೆ, ಅವುಗಳ ಮೇಲೆ ಎಲ್ಲವನ್ನೂ ಮಾಡಿ ನೋಡಿ.

4, 6, 6, 8, 11 ಅಂತ ಇಟ್ಟುಕೊಳ್ಳೋಣ. ಮೊತ್ತ 35, ಹಾಗಾಗಿ ಸರಾಸರಿ 7. ನಡುವೆ ನಿಂತಿರುವುದು 6, ಅದೇ ಮಧ್ಯಾಂಕ. ಜಾಸ್ತಿ ಸಲ ಬಂದಿರುವುದೂ 6, ಹಾಗಾಗಿ ಬಹುಲಕವೂ ಅದೇ. ಇಲ್ಲಿಯವರೆಗೆ ಎಲ್ಲರಿಗೂ ಸುಲಭ. ಈಗ ಒಂದೊಂದು ಸಂಖ್ಯೆಯೂ ಸರಾಸರಿಯಿಂದ ಎಷ್ಟು ದೂರ ಇದೆ ನೋಡಿ: −3, −1, −1, 1, 4. ಇವನ್ನು ಕೂಡಿಸಿದರೆ ಸೊನ್ನೆ. ಯಾವ ಸಂಖ್ಯೆಗಳನ್ನು ತೆಗೆದುಕೊಂಡರೂ ಸೊನ್ನೆಯೇ ಬರುತ್ತದೆ, ಯಾಕೆಂದರೆ ಸರಾಸರಿ ಅಂದರೆ ಎರಡೂ ಕಡೆಯ ದೂರಗಳು ಸಮವಾಗುವ ಜಾಗ. ದೂರಗಳನ್ನು ಹಾಗೇ ಕೂಡಿಸಿ ಪ್ರಯೋಜನವಿಲ್ಲ ಅನ್ನುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಅದಕ್ಕೇ ವರ್ಗ ಮಾಡುತ್ತೇವೆ: 9, 1, 1, 1, 16. ಮೊತ್ತ 28. ಐದರಿಂದ ಭಾಗಿಸಿದರೆ 5.6, ಅದರ ವರ್ಗಮೂಲ ಸುಮಾರು 2.37. ಮಾನಕ ವಿಚಲನೆ ಅಂದರೆ ಇಷ್ಟೇ. ಸೂತ್ರದಲ್ಲಿ ವರ್ಗ ಯಾಕೆ ಬಂತು, ಕೊನೆಗೆ ಮೂಲ ಯಾಕೆ ತೆಗೆದೆವು ಅನ್ನುವುದು ಒಮ್ಮೆ ಕೈಯಲ್ಲಿ ಮಾಡಿದವರಿಗೆ ಮರೆಯುವುದು ಕಷ್ಟ.

ಇದೇ ಜಾಗದಲ್ಲಿ ಮಕ್ಕಳು ತುಂಬ ಸಲ ಕೇಳುವ ಪ್ರಶ್ನೆಯೊಂದಿದೆ. ಕೆಲವು ಕಡೆ ಎನ್‌ನಿಂದ ಭಾಗಿಸುತ್ತಾರೆ, ಕೆಲವು ಕಡೆ ಎನ್ ಮೈನಸ್ ಒಂದರಿಂದ. ಎನ್ ಅಂದರೆ ಒಟ್ಟು ಎಷ್ಟು ಸಂಖ್ಯೆಗಳಿವೆ ಅನ್ನುವುದು. ಯಾವುದು ಸರಿ? ಎರಡೂ ಸರಿ, ಆದರೆ ಎರಡೂ ಒಂದೇ ಪ್ರಶ್ನೆಗೆ ಉತ್ತರವಲ್ಲ. ಈ ಐದು ಸಂಖ್ಯೆಗಳೇ ಪೂರ್ತಿ ಗುಂಪಾದರೆ ಐದರಿಂದ ಭಾಗಿಸಿ. ದೊಡ್ಡ ಗುಂಪೊಂದರಿಂದ ಆರಿಸಿದ ಸ್ಯಾಂಪಲ್ ಆಗಿದ್ದು, ಆ ದೊಡ್ಡ ಗುಂಪಿನ ಬಗ್ಗೆ ಅಂದಾಜು ಮಾಡಬೇಕಿದ್ದರೆ ನಾಲ್ಕರಿಂದ ಭಾಗಿಸಿ. ಆಗ 28 ಭಾಗ 4, ಅಂದರೆ 7. ವರ್ಗಮೂಲ ಸುಮಾರು 2.65.

ಕಾರಣ ಏನು? ನಾವು ಅಳೆದ ದೂರಗಳು ಈ ಐದು ಸಂಖ್ಯೆಗಳದ್ದೇ ಸರಾಸರಿಯಿಂದ. ದೊಡ್ಡ ಗುಂಪಿನ ನಿಜವಾದ ಸರಾಸರಿ ಬೇರೆ ಎಲ್ಲೋ ಇರಬಹುದು. ಸಂಖ್ಯೆಗಳು ತಮ್ಮದೇ ಸರಾಸರಿಗೆ ಯಾವಾಗಲೂ ಹೆಚ್ಚು ಹತ್ತಿರ ಇರುತ್ತವೆ. ಹಾಗಾಗಿ ವರ್ಗಗಳ ಮೊತ್ತ ಸ್ವಲ್ಪ ಚಿಕ್ಕದಾಗಿ ಬಂದುಬಿಡುತ್ತದೆ. ಚಿಕ್ಕ ಸಂಖ್ಯೆಯಿಂದ ಭಾಗಿಸಿ ಅದನ್ನು ಸರಿದೂಗಿಸುತ್ತೇವೆ. ಇನ್ನೊಂದು ರೀತಿಯಲ್ಲೂ ನೋಡಬಹುದು. −3, −1, −1, 1 ಅಂತ ನಾಲ್ಕು ದೂರ ಗೊತ್ತಾದ ಮೇಲೆ ಐದನೆಯದು 4 ಆಗಲೇಬೇಕು, ಯಾಕೆಂದರೆ ಮೊತ್ತ ಸೊನ್ನೆ ಬರಬೇಕಲ್ವಾ. ಸ್ವತಂತ್ರವಾಗಿ ಬದಲಾಗಬಲ್ಲದ್ದು ನಾಲ್ಕೇ. ಇದು ಅರ್ಥವಾದರೆ ಪ್ರಶ್ನೆ ಪತ್ರಿಕೆಯಲ್ಲಿ ‘ಸ್ಯಾಂಪಲ್’ ಅನ್ನುವ ಪದ ಕಂಡ ಕೂಡಲೇ ಕೈ ತಾನಾಗಿ ನಿಧಾನವಾಗುತ್ತದೆ. ಬಹಳಷ್ಟು ಕ್ಯಾಲ್ಕುಲೇಟರ್‌ಗಳಲ್ಲಿ ಈ ಎರಡಕ್ಕೂ ಬೇರೆ ಬೇರೆ ಗುರುತು ಇರುತ್ತದೆ. ನಿಮ್ಮದರಲ್ಲಿ ಯಾವುದು ಯಾವುದು ಅಂತ ಇವತ್ತೇ ಈ ಐದು ಸಂಖ್ಯೆ ಹಾಕಿ ನೋಡಿಕೊಳ್ಳಿ. 2.37 ಬಂದರೆ ಒಂದು, 2.65 ಬಂದರೆ ಇನ್ನೊಂದು. ಹಳೆಯ ಲೆಕ್ಕದ ಸಂಖ್ಯೆಗಳು ಒಳಗೇ ಉಳಿದಿದ್ದರೆ ಅಳಿಸುವುದು ಹೇಗೆ ಅಂತಲೂ ಇವತ್ತೇ ತಿಳಿದುಕೊಳ್ಳಿ.

ಈಗ ಅದೇ ಸಂಖ್ಯೆಗಳನ್ನು ಸ್ವಲ್ಪ ಕದಲಿಸಿ. ಎಲ್ಲಕ್ಕೂ 5 ಕೂಡಿಸಿದರೆ ಸರಾಸರಿ 12 ಆಗುತ್ತದೆ, ಮಾನಕ ವಿಚಲನೆ ಮಾತ್ರ ಹಾಗೇ ಇರುತ್ತದೆ. ಎಲ್ಲರೂ ಒಟ್ಟಿಗೆ ಐದು ಹೆಜ್ಜೆ ಮುಂದೆ ಹೋದರೆ ನಡುವಿನ ಅಂತರ ಬದಲಾಗುವುದಿಲ್ಲ. ಎಲ್ಲವನ್ನೂ ಎರಡರಿಂದ ಗುಣಿಸಿದರೆ ಎರಡೂ ದುಪ್ಪಟ್ಟು. ಇನ್ನು 11ರ ಬದಲು 41 ಹಾಕಿ. ಮಧ್ಯಾಂಕ 6ರಲ್ಲೇ ನಿಂತಿದೆ. ಸರಾಸರಿ 13ಕ್ಕೆ ಹಾರಿದೆ. ಐದರಲ್ಲಿ ನಾಲ್ಕು ಸಂಖ್ಯೆಗಳು ಸರಾಸರಿಗಿಂತ ಕೆಳಗಿವೆ! ‘ಇಲ್ಲಿ ಯಾವ ಅಳತೆ ಸೂಕ್ತ, ಯಾಕೆ?’ ಅನ್ನುವ ಪ್ರಶ್ನೆಗೆ ಬೇಕಾದ ಉತ್ತರ ಪೂರ್ತಿ ಇದರಲ್ಲೇ ಇದೆ. ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಕ್ಷಣ ಇದು. ಒಂದೇ ಒಂದು ಸಂಖ್ಯೆ ಬದಲಾಯಿಸಿ ಸುಮ್ನೆ ಕಾಯುತ್ತೇನೆ. ಸರಾಸರಿ ಎಲ್ಲಿ ಹೋಯಿತು ಅಂತ ಮಗು ತಾನೇ ನೋಡಿ ಹುಬ್ಬೇರಿಸುತ್ತದೆ.

ಆಮೇಲೆ ವರ್ಗಾಂತರಗಳ ಕೋಷ್ಟಕ. ಕೊನೇ ಗಳಿಗೆಯಲ್ಲಿ ಎಲ್ಲರನ್ನೂ ಜಾಸ್ತಿ ಹೆದರಿಸುವುದು ಇದೇ. ಮಧ್ಯಾಂಕದ ಸೂತ್ರ ಉದ್ದ, ಅಕ್ಷರಗಳು ತುಂಬ. ಆದರೆ ಅದರ ಹಿಂದಿನ ಯೋಚನೆ ಚಿಕ್ಕದು. 40 ವಿದ್ಯಾರ್ಥಿಗಳ ಅಂಕಗಳಿವೆ ಅಂದುಕೊಳ್ಳಿ. 0–10ರಲ್ಲಿ 5 ಜನ, 10–20ರಲ್ಲಿ 9, 20–30ರಲ್ಲಿ 12, 30–40ರಲ್ಲಿ 8, 40–50ರಲ್ಲಿ 6. ನಡುವಿನ ಜಾಗ ಅಂದರೆ 20ನೆಯವರು. ಮೊದಲ ಎರಡು ವರ್ಗಾಂತರಗಳಲ್ಲಿ 14 ಜನ ಮುಗಿದರು. ಇನ್ನೂ 6 ಜನ ಬೇಕು. ಮುಂದಿನ ವರ್ಗಾಂತರದಲ್ಲಿ 12 ಜನ ಇದ್ದಾರೆ, ಅವರು ಅಲ್ಲಿ ಸಮನಾಗಿ ಹರಡಿದ್ದಾರೆ ಅಂತ ಭಾವಿಸುತ್ತೇವೆ. 12ರಲ್ಲಿ 6 ಅಂದರೆ ಅರ್ಧ. 20ರಿಂದ 30ರ ನಡುವೆ ಅರ್ಧ ದಾರಿ ಅಂದರೆ 25. ಮುಗಿಯಿತು. ಸೂತ್ರ ಹೇಳುವುದೂ ಅಕ್ಷರಶಃ ಇದನ್ನೇ.

ಬಹುಲಕಕ್ಕೂ ಹೀಗೇ. 20–30ರಲ್ಲಿ ಜನ ಜಾಸ್ತಿ, ಹಾಗಾಗಿ ಬಹುಲಕ ಅಲ್ಲೇ ಇದೆ. ಎಡಗಡೆಯ ವರ್ಗಾಂತರದಲ್ಲಿ 9, ಬಲಗಡೆ 8. ಎಡಗಡೆ ಸ್ವಲ್ಪ ಎತ್ತರ, ಅದಕ್ಕೆ ಬಹುಲಕ ನಡುವಿಗಿಂತ ಸ್ವಲ್ಪ ಎಡಕ್ಕೆ ವಾಲುತ್ತದೆ. 12ರಿಂದ 9ಕ್ಕೆ ಇಳಿತ 3, 12ರಿಂದ 8ಕ್ಕೆ ಇಳಿತ 4. ಏಳರಲ್ಲಿ ಮೂರು ಭಾಗ ದಾರಿ, ಅಂದರೆ ಸುಮಾರು 24.29. ಸರಾಸರಿ ಮಾಡಿದರೆ 25.25 ಬರುತ್ತದೆ. ಈಗ ಒಂದು ಹಳೆಯ ಸಂಬಂಧವನ್ನು ತಾಳೆ ನೋಡಲು ಬಳಸಬಹುದು: ಬಹುಲಕ ಸುಮಾರಾಗಿ ಮಧ್ಯಾಂಕದ ಮೂರು ಪಟ್ಟಿನಿಂದ ಸರಾಸರಿಯ ಎರಡು ಪಟ್ಟು ಕಳೆದಷ್ಟು. 75ರಿಂದ 50.5 ಕಳೆದರೆ 24.5. ಹತ್ತಿರವೇ ಇದೆ. ಇದು ಕರಾರುವಾಕ್ಕಾದ ನಿಯಮವಲ್ಲ, ಒಂದೇ ಕಡೆಗೆ ತುಂಬ ವಾಲಿರುವ ಅಂಕಿಗಳಲ್ಲಿ ಕೈಕೊಡುತ್ತದೆ. ಆದರೆ ನಿಮ್ಮ ಬಹುಲಕ 34 ಅಂತ ಬಂದಿದ್ದರೆ ಎಲ್ಲೋ ಎಡವಿದ್ದೀರಿ ಅಂತ ಇದು ತಕ್ಷಣ ಹೇಳುತ್ತದೆ. 10–19, 20–29 ಅಂತ ವರ್ಗಾಂತರಗಳ ನಡುವೆ ಬಿಟ್ಟ ಜಾಗ ಇದ್ದರೆ ಮೊದಲು 9.5–19.5, 19.5–29.5 ಅಂತ ಮಾಡಿಕೊಳ್ಳುವುದನ್ನು ಮರೆಯಬೇಡಿ.

ಸಂಭವನೀಯತೆಯ ವಿಷಯಕ್ಕೆ ಬಂದರೆ, ಅಲ್ಲಿ ಲೆಕ್ಕಕ್ಕಿಂತ ಓದುವುದೇ ಕಷ್ಟ. ‘ಮತ್ತು’, ‘ಅಥವಾ’, ‘ಕನಿಷ್ಠ ಒಂದು’, ‘ಆಗಲೇ ಹೀಗಾಗಿದ್ದರೆ’. ಈ ನಾಲ್ಕು ಮಾತುಗಳ ಕೆಳಗೆ ಗೆರೆ ಎಳೆದುಕೊಂಡೇ ಮುಂದೆ ಹೋಗಿ. 1654ರಲ್ಲಿ ಬ್ಲೇಸ್ ಪ್ಯಾಸ್ಕಲ್ ಮತ್ತು ಪಿಯರ್ ದ ಫರ್ಮಾ ಬರೆದುಕೊಂಡ ಪತ್ರಗಳಲ್ಲಿ ‘ಕನಿಷ್ಠ ಒಂದು’ ಜಾತಿಯ ಲೆಕ್ಕ ಬರುತ್ತದೆ. ಒಂದು ದಾಳವನ್ನು ನಾಲ್ಕು ಸಲ ಎಸೆದರೆ ಒಂದಾದರೂ ಆರು ಬೀಳುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ. ಎರಡು ದಾಳಗಳನ್ನು ಒಟ್ಟಿಗೆ 24 ಸಲ ಎಸೆದರೆ ಒಂದಾದರೂ ಜೋಡಿ ಆರು ಬೀಳುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ. ಜೂಜಾಡುತ್ತಿದ್ದ ಶೆವಲಿಯೆ ದ ಮೆರೆಗೆ ಇದು ಒಗಟಾಗಿತ್ತು. ಒಂದು ದಾಳ ಬೀಳುವ ರೀತಿ 6, ಎರಡು ದಾಳ ಬೀಳುವ ರೀತಿ 36. 36 ಅನ್ನುವುದು 6ರ ಆರು ಪಟ್ಟು, 24 ಅನ್ನುವುದು 4ರ ಆರು ಪಟ್ಟು, ಹಾಗಾದರೆ ಎರಡೂ ಸಮ ಇರಬೇಕಲ್ವಾ ಅನ್ನುವುದು ಅವನ ವಾದ. ಲೆಕ್ಕ ಮಾಡಿ ನೋಡಿ. ನಾಲ್ಕು ಸಲವೂ ಆರು ಬೀಳದಿರುವ ಸಾಧ್ಯತೆ ಆರರಲ್ಲಿ ಐದನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ 625/1296. ಅದನ್ನು ಒಂದರಿಂದ ಕಳೆದರೆ 671/1296, ಸುಮಾರು 0.518. ಇನ್ನೊಂದು ಲೆಕ್ಕದಲ್ಲಿ ಸುಮಾರು 0.491. ‘ಕನಿಷ್ಠ ಒಂದು’ ಅಂತ ಕಂಡರೆ ‘ಒಂದೂ ಇಲ್ಲ’ ಅನ್ನುವುದನ್ನು ಮೊದಲು ಹುಡುಕಿ. ಇಂದಿನ ಪತ್ರಿಕೆಗಳಲ್ಲೂ ಇದೇ ದಾರಿ.

ಇನ್ನೊಂದು ಗೊಂದಲ ಇದೆ. ಅದನ್ನು ಬಿಡಿಸದೆ ಯಾರನ್ನೂ ಮಲಗಲು ಕಳಿಸಲು ನನಗೆ ಮನಸ್ಸಾಗುವುದಿಲ್ಲ. ಸ್ವತಂತ್ರ ಘಟನೆಗಳು ಬೇರೆ, ಪರಸ್ಪರ ವರ್ಜಕ ಘಟನೆಗಳು ಬೇರೆ. ಸ್ವತಂತ್ರ ಅಂದರೆ ಒಂದು ಆಯಿತು ಅಂತ ಗೊತ್ತಾದರೂ ಇನ್ನೊಂದರ ಸಾಧ್ಯತೆ ಬದಲಾಗುವುದಿಲ್ಲ, ಎರಡೂ ಆಗುವ ಸಾಧ್ಯತೆ ಎರಡನ್ನೂ ಗುಣಿಸಿದಷ್ಟು. ಒಂದು ದಾಳ ಎಸೆದಾಗ ಸಮಸಂಖ್ಯೆ ಮತ್ತು ಬೆಸಸಂಖ್ಯೆ ಒಟ್ಟಿಗೆ ಬೀಳಲಾರವು, ಹಾಗಾಗಿ ಅವು ಪರಸ್ಪರ ವರ್ಜಕ. ಒಂದು ಬಿದ್ದರೆ ಇನ್ನೊಂದು ಇಲ್ಲವೇ ಇಲ್ಲ ಅಂತ ಗೊತ್ತಾಗಿಹೋಗುತ್ತದೆ. ಅಂದ ಮೇಲೆ ಅವು ಸ್ವತಂತ್ರ ಹೇಗಾಗುತ್ತವೆ? ಸಮಸಂಖ್ಯೆ ಬೀಳುವುದು ಮತ್ತು 1 ಅಥವಾ 2 ಬೀಳುವುದು, ಈ ಎರಡನ್ನು ತೆಗೆದುಕೊಳ್ಳಿ. ಮೊದಲನೆಯದು 1/2, ಎರಡನೆಯದು 1/3, ಎರಡೂ ಸೇರಿದ್ದು ಅಂದರೆ 2 ಬೀಳುವುದು 1/6. ಗುಣಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಇವು ಸ್ವತಂತ್ರ.

ಈಗ ವಿವರಣೆ ಬರೆಯುವ ಪ್ರಶ್ನೆಗಳು. ಮಕ್ಕಳು ಇವನ್ನು ‘ಥಿಯರಿ’ ಅಂತ ಕರೆದು ಕೊನೆಗೆ ದೂಡುತ್ತಾರೆ. ನನಗೆ ಇವೇ ಈ ವಿಷಯದ ಜೀವ ಅನಿಸುತ್ತದೆ. ಸಹಸಂಬಂಧ, ಅಂದರೆ ಎರಡು ಅಳತೆಗಳು ಎಷ್ಟರ ಮಟ್ಟಿಗೆ ಒಂದು ನೇರ ಗೆರೆಯಂತೆ ಜೊತೆಯಾಗಿ ಸಾಗುತ್ತವೆ ಅನ್ನುವುದು, 0.816 ಬಂತು, ಇದರ ಅರ್ಥ ಏನು? 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಂಬ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ನಾಲ್ಕು ಪುಟ್ಟ ಗುಂಪುಗಳನ್ನು ಕಟ್ಟಿ ತೋರಿಸಿದರು. ಪ್ರತಿಯೊಂದರಲ್ಲೂ 11 ಬಿಂದು. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ ಸುಮಾರು 7.5, ಸಹಸಂಬಂಧ ಸುಮಾರು 0.816, ಹೊಂದುವ ಸರಳರೇಖೆಯೂ ಹೆಚ್ಚುಕಮ್ಮಿ ಒಂದೇ. ಗ್ರಾಫ್ ಎಳೆದರೆ ಮಾತ್ರ ನಾಲ್ಕೂ ಬೇರೆ ಬೇರೆ. ಒಂದು ಸಾಮಾನ್ಯ ಚದುರಿದ ಗುಂಪು. ಒಂದು ಚೆಂದದ ವಕ್ರರೇಖೆ. ಒಂದರಲ್ಲಿ ಒಂದು ಬಿಂದು ಬಿಟ್ಟು ಉಳಿದೆಲ್ಲವೂ ನೇರ ಸಾಲಿನಲ್ಲಿ. ಕೊನೆಯದರಲ್ಲಿ ಹತ್ತು ಬಿಂದುಗಳು ಒಂದೇ ಕಂಬದಂತೆ ನಿಂತಿವೆ, ದೂರದಲ್ಲಿರುವ ಒಂದೇ ಒಂದು ಬಿಂದು ರೇಖೆಯನ್ನು ತನ್ನ ಕಡೆ ಎಳೆದಿದೆ. ಇದನ್ನು ಒಮ್ಮೆ ನೋಡಿದವರು ‘ಬಲವಾದ ಸಹಸಂಬಂಧ ಇದೆ’ ಅಂತಷ್ಟೇ ಬರೆದು ನಿಲ್ಲಿಸುವುದಿಲ್ಲ. ಗ್ರಾಫ್ ಏನು ಹೇಳುತ್ತದೆ ಅಂತಲೂ ಒಂದು ಸಾಲು ಸೇರಿಸುತ್ತಾರೆ. ಒಂದರಿಂದ ಇನ್ನೊಂದು ಆಗುತ್ತಿದೆ ಅಂತ ಇಷ್ಟರಿಂದಲೇ ಹೇಳಲಾಗದು ಅಂತಲೂ ಬರೆಯುತ್ತಾರೆ.

ಸ್ಯಾಂಪಲ್ ಬಗ್ಗೆ ಪ್ರಶ್ನೆ ಬಂದರೆ 1936ರ ಅಮೆರಿಕದ ಅಧ್ಯಕ್ಷ ಚುನಾವಣೆ ನೆನಪಿಟ್ಟುಕೊಳ್ಳಿ. ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿ ಕಳಿಸಿತು. 23 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಅಂತ ಅದು ಹೇಳಿತು. ಫಲಿತಾಂಶ ಬಂದಾಗ ರೂಸ್‌ವೆಲ್ಟ್ ಭಾರಿ ಅಂತರದಲ್ಲಿ ಗೆದ್ದಿದ್ದರು. ಲ್ಯಾಂಡನ್ ಗೆದ್ದದ್ದು 48 ರಾಜ್ಯಗಳಲ್ಲಿ ಎರಡನ್ನು ಮಾತ್ರ. ಹೆಸರುಗಳನ್ನು ಆರಿಸಿದ್ದು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ. ಆ ಕಾಲದಲ್ಲಿ ಅವು ಇದ್ದದ್ದು ಉಳ್ಳವರ ಬಳಿ. ಉತ್ತರ ಬರೆದು ಕಳಿಸಿದವರೂ ಎಲ್ಲರ ಹಾಗೆ ಇರಲಿಲ್ಲ. ಸ್ಯಾಂಪಲ್ ದೊಡ್ಡದಿದ್ದರೆ ಸಾಕು ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ. ಯಾರನ್ನು ಬಿಟ್ಟೆವು ಅನ್ನುವುದು ಎಷ್ಟು ಜನರನ್ನು ಕೇಳಿದೆವು ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ.

ಓದುವ ರೀತಿಯ ಬಗ್ಗೆಯೂ ಒಂದು ಮಾತು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಒಂದು ಪ್ರಯೋಗ ಪ್ರಕಟಿಸಿದರು. ಕೆಲವರು ಪಾಠವನ್ನು ಮತ್ತೆ ಓದಿದರು, ಕೆಲವರು ಪಾಠ ಮುಚ್ಚಿಟ್ಟು ನೆನಪಿನಿಂದ ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದು. ಎರಡು ದಿನ, ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದೆ ಬಂದರು. ಮತ್ತೆ ಮತ್ತೆ ಓದಿದರೆ ಬರುವ ಧೈರ್ಯ ಆ ಕ್ಷಣದ ಮಟ್ಟಿಗೆ ಸುಳ್ಳಲ್ಲ, ಆದರೆ ಅದು ಬೇಗ ಕರಗುತ್ತದೆ. ಬಿಡಿಸಿದ ಲೆಕ್ಕವನ್ನು ಕಣ್ಣಾಡಿಸಿ ‘ಹೌದು, ಗೊತ್ತು’ ಅನ್ನುವುದಕ್ಕಿಂತ ಉತ್ತರ ಮುಚ್ಚಿ ಖಾಲಿ ಹಾಳೆಯಲ್ಲಿ ಒಂದು ಲೆಕ್ಕ ಮಾಡುವುದು ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ಎಲ್ಲಿ ಕೈ ನಿಂತಿತೋ ಅಷ್ಟನ್ನೇ ಪುಸ್ತಕದಲ್ಲಿ ನೋಡಿ, ಮತ್ತೆ ಮುಚ್ಚಿ.

ಅಕ್ಕನ ಮಗಳು ಒಮ್ಮೆ ಮಾದರಿ ಪರೀಕ್ಷೆಯ ಅಂಕ ಹಿಡಿದು ಕೂತಿದ್ದಳು. ‘ಚಿಕ್ಕಮ್ಮ, ಇದರಲ್ಲೇ ಇಷ್ಟು ಕಡಿಮೆ ಬಂದಿದೆ, ನಾಳೆ ಏನಾಗುತ್ತೋ’ ಅಂದಳು. ಹಿಂದಿನ ಪರೀಕ್ಷೆಗಳಲ್ಲಿ ಅವಳಿಗೆ ಬಂದದ್ದಕ್ಕೆ ಹೋಲಿಸಿದರೆ ಅದು ತುಂಬ ಕಡಿಮೆ ಇತ್ತು. ಆಗ ನಾನು ಅವಳದೇ ಪಾಠ ತೆಗೆದೆ. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎತ್ತರದ ಬಗ್ಗೆ ಬರೆದದ್ದು. ತುಂಬ ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಗಿಂತ ಎತ್ತರವೇ ಇರುತ್ತಾರೆ, ಆದರೆ ಹೆಚ್ಚಾಗಿ ತಂದೆತಾಯಿಗಿಂತ ಸರಾಸರಿಗೆ ಹತ್ತಿರ. ತುಂಬ ಕುಳ್ಳಗಿರುವವರ ಮಕ್ಕಳೂ ಹಾಗೇ, ಸರಾಸರಿಯ ಕಡೆಗೆ. ಅಂಕದಲ್ಲಿ ನಮಗೆ ಗೊತ್ತಿರುವುದೂ ಇರುತ್ತದೆ, ಆ ದಿನದ ಅದೃಷ್ಟವೂ ಇರುತ್ತದೆ: ಯಾವ ಪ್ರಶ್ನೆ ಬಂತು, ನಿದ್ದೆ ಆಗಿತ್ತಾ, ಒಂದು ಮೈನಸ್ ಚಿಹ್ನೆ ತಪ್ಪಿತಾ. ತನ್ನ ಎಂದಿನ ಮಟ್ಟಕ್ಕಿಂತ ತುಂಬ ಕೆಳಗೆ ಬಿದ್ದ ಅಂಕದಲ್ಲಿ ಕೆಟ್ಟ ಅದೃಷ್ಟದ ಪಾಲೂ ಇರುವ ಸಾಧ್ಯತೆ ಜಾಸ್ತಿ. ಮುಂದಿನ ಸಲ ಅದು ಅಷ್ಟೇ ಕೆಟ್ಟದಾಗಿ ಇರಬೇಕಿಲ್ಲ. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಒಂದೇ ಪರೀಕ್ಷೆ ಅಂದರೆ ಸ್ಯಾಂಪಲ್ ಒಂದೇ ಅಲ್ವಾ’ ಅಂದಳು. ನನಗೆ ತುಂಬ ಖುಷಿಯಾಯಿತು. ವಿಷಯ ಅವಳದಾಗಿತ್ತು.

ರಾತ್ರಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಲಗಿ. 1924ರಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ನಡೆಸಿದ ಪ್ರಯೋಗದಿಂದಲೂ ಕಂಡುಬಂದದ್ದು, ಕಲಿತ ಮೇಲೆ ನಿದ್ದೆ ಮಾಡಿದರೆ ಮರೆವು ಕಡಿಮೆ. ಹಂತ ಹಂತವಾಗಿ ಕೂಡಿ ಕಳೆಯುವ ವಿಷಯದಲ್ಲಿ ದಣಿದ ತಲೆ ಎರಡನೇ ಹಂತದಲ್ಲೇ ಸಂಖ್ಯೆ ಅದಲುಬದಲು ಮಾಡುತ್ತದೆ.

ಪರೀಕ್ಷೆಯಲ್ಲಿ ಉತ್ತರ ಬಂದ ಮೇಲೆ ಅದನ್ನು ಒಂದು ಕ್ಷಣ ನೋಡಿ. ಸರಾಸರಿ ಅತಿ ಚಿಕ್ಕ ಸಂಖ್ಯೆಗೂ ಅತಿ ದೊಡ್ಡ ಸಂಖ್ಯೆಗೂ ನಡುವೆ ಇದೆಯಾ? ಸಂಭವನೀಯತೆ ಒಂದಕ್ಕಿಂತ ಜಾಸ್ತಿ ಬಂತಾ? ಸಹಸಂಬಂಧ −1ರಿಂದ 1ರ ಒಳಗಿದೆಯಾ? ಮಾನಕ ವಿಚಲನೆ ಯಾವತ್ತೂ ಋಣ ಸಂಖ್ಯೆ ಆಗುವುದಿಲ್ಲ. ಎನ್‌ನಿಂದ ಭಾಗಿಸಿ ಮಾಡಿದ್ದರೆ ಅದು ವ್ಯಾಪ್ತಿಯ (ಅತಿ ದೊಡ್ಡ ಸಂಖ್ಯೆಯಿಂದ ಅತಿ ಚಿಕ್ಕದನ್ನು ಕಳೆದಷ್ಟು) ಅರ್ಧಕ್ಕಿಂತ ದೊಡ್ಡದೂ ಆಗುವುದಿಲ್ಲ. ಈ ಕೊನೆಯದನ್ನು ಬಹಳ ಜನ ಬಳಸುವುದಿಲ್ಲ, ಆದರೆ ವರ್ಗಮೂಲ ತೆಗೆಯಲು ಮರೆತವರನ್ನು ಇದು ಎಷ್ಟೋ ಸಲ ಹಿಡಿದು ನಿಲ್ಲಿಸುತ್ತದೆ.

ಸಮಯ ಉಳಿದರೆ ಗ್ರಾಫ್‌ಗಳಿಗೆ ಹೋಗಿ. ಎರಡೂ ಅಕ್ಷಗಳಿಗೆ ಹೆಸರು, ಪ್ರಮಾಣ ಬರೆದಿದ್ದೀರಾ? ವರ್ಗಾಂತರಗಳ ಅಗಲ ಒಂದೇ ಇಲ್ಲದಿದ್ದರೆ ಹಿಸ್ಟೋಗ್ರಾಮಿನ ಕಂಬದ ಎತ್ತರಕ್ಕೆ ಆವೃತ್ತಿಯನ್ನು ಅಗಲದಿಂದ ಭಾಗಿಸಿ ಹಾಕಬೇಕು. ಓಜೀವ್‌ನಲ್ಲಿ (ಆವೃತ್ತಿಗಳನ್ನು ಕೂಡಿಸುತ್ತಾ ಹೋಗಿ ಎಳೆಯುವ ವಕ್ರರೇಖೆ) ಬಿಂದುಗಳನ್ನು ವರ್ಗಾಂತರದ ನಡುವೆ ಇಡದೆ ಅಂಚಿನಲ್ಲಿ ಇಟ್ಟಿದ್ದೀರಾ ನೋಡಿ. ಕಡಿಮೆ ಇರುವ ಕ್ರಮದ್ದಾದರೆ ಮೇಲಿನ ಮಿತಿ, ಹೆಚ್ಚಿರುವ ಕ್ರಮದ್ದಾದರೆ ಕೆಳಗಿನ ಮಿತಿ. ಬಿಟ್ಟುಹೋಗಿದ್ದರೆ ಪೆನ್ಸಿಲ್ ತೆಗೆದು ಈಗಲೇ ಸರಿಮಾಡಿ.